ಮಾದರಿ ಗೂಡ್ಸ್ ಗಾಡಿಗೆ ನಿಜದ ಬಣ್ಣ

(ವಿದ್ಯಾರ್ಥಿಗಳ ವಿಜ್ಞಾನ ಮತ್ತು ಕರಕುಶಲ ವಸ್ತುಪ್ರದರ್ಶನದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನಾನು ಆರಿಸಿಕೊಂಡಿರುವ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಹೊಸದಾಗಿ ಮಾಡಿದ ಗೂಡ್ಸ್ ವ್ಯಾಗನ್ನಿನ ಮಾದರಿಯೊಂದನ್ನು ಹಳೆಯದಾಗಿ, ಧೂಳು ಹಿಡಿದದ್ದಾಗಿ, ತುಕ್ಕು ತಿಂದದ್ದಾಗಿ ಕಾಣಿಸುವುದು ಹೇಗೆ ಎಂಬುದೇ ಆ ವಿಷಯ. ಮಾದರಿ ರೈಲುಗಳ ಹವ್ಯಾಸಿಗಳು ಇದಕ್ಕೆ ‘ವೆದರಿಂಗ್’ ಎನ್ನುತ್ತಾರೆ. ನಾವು ‘ಹಳತು ಮಾಡುವುದು’ ಎನ್ನೋಣ. ಮಕ್ಕಳು ಕಷ್ಟಪಟ್ಟು ಮಾಡಿದ ಹೊಸ ವಸ್ತುವನ್ನು ಬೇಕೆಂದೇ ಕೊಳೆ ಮಾಡುವುದೇ ಎಂದು ತಾಯಂದಿರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳುವುದೇ ನನ್ನ ಇಂದಿನ ಮಾತಿನ ಉದ್ದೇಶ.

ಆಟಿಕೆ ಬೇರೆ, ಮಾದರಿ ಬೇರೆ

ನಮ್ಮ ಪಕ್ಕದ ಚನ್ನಪಟ್ಟಣ ಮರದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿನ ಕುಶಲಕರ್ಮಿಗಳು ಆಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿದು, ಕನ್ನಡಿಯಂತೆ ಹೊಳೆಯುವ ರೈಲುಬಂಡಿ ಮಾಡುತ್ತಾರೆ. ಅದು ಆಟಿಕೆ. ಮಗುವಿನ ಕಣ್ಣಿಗೆ ಸಂತೋಷವಾಗಬೇಕು, ಆದ್ದರಿಂದ ಹೊಳೆಯಬೇಕು. ಕೆಂಪು ಇಂಜಿನ್ನಿಗೆ ಹಳದಿ ಡಬ್ಬಿ ಕಟ್ಟಿದರೂ ಯಾರೂ ತಪ್ಪು ಹೇಳುವುದಿಲ್ಲ.

ಮಾದರಿಯ ಕೆಲಸವೇ ಬೇರೆ. ‘ನಿಜವಾದ ವಸ್ತು ಹೀಗಿದೆ’ ಎಂದು ಹೇಳುವುದು ಅದರ ಕೆಲಸ. ಅಳತೆ ಸರಿಯಾಗಿದ್ದು, ಚಕ್ರಗಳ ಸಂಖ್ಯೆ ಸರಿಯಾಗಿದ್ದು, ಬಣ್ಣ ಮಾತ್ರ ನಿನ್ನೆ ತಾನೇ ಬಳಿದಂತೆ ಹೊಳೆಯುತ್ತಿದ್ದರೆ ಆ ಮಾದರಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಮಂಡ್ಯದ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಹೊಳೆಯುವ ಗೂಡ್ಸ್ ವ್ಯಾಗನ್ ಎಷ್ಟು ಅಪರೂಪ ಎಂಬುದು ತಿಳಿಯುತ್ತದೆ. ಬಿಸಿಲಿಗೆ ಮಾಸಿದ ಬಣ್ಣ, ಮಳೆನೀರು ಇಳಿದ ಗೆರೆ, ಬಾಗಿಲ ಬುಡದ ತುಕ್ಕು, ಚಕ್ರದ ಸುತ್ತ ಕಂದು ಧೂಳು. ದುಡಿಯುವ ವ್ಯಾಗನ್ನಿನ ರೂಪವೇ ಅದು.

ಈ ಮಾತನ್ನು ಮಾದರಿ ರೈಲಿನ ಲೋಕ ಒಪ್ಪಿಕೊಳ್ಳಲು ಕಾಲ ಹಿಡಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಜಾನ್ ಅಲೆನ್ ಎಂಬ ಛಾಯಾಗ್ರಾಹಕರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಬೆಟ್ಟ ಕಣಿವೆಗಳ ನಡುವೆ ಓಡುವ ಪುಟ್ಟ ರೈಲ್ವೆಯೊಂದನ್ನು ಕಟ್ಟಿ, ಅದರ ಡಬ್ಬಿಗಳಿಗೂ ಕಟ್ಟಡಗಳಿಗೂ ಹಳತಿನ ಬಣ್ಣ ಕೊಟ್ಟು ಫೋಟೋ ತೆಗೆದು ಪ್ರಕಟಿಸಿದರು. ಅವನ್ನು ನೋಡಿ ಸಾವಿರಾರು ಹವ್ಯಾಸಿಗಳು ಆ ದಾರಿ ಹಿಡಿದರು. ಇಂಗ್ಲೆಂಡಿನಲ್ಲಿ ಜಾನ್ ಆಹರ್ನ್ ಎಂಬವರು ಇದೇ ರೀತಿ ಕಟ್ಟಿದ ರೈಲ್ವೆಯ ಹೆಸರು ‘ಮ್ಯಾಡರ್ ವ್ಯಾಲಿ’. ಮದ್ದೂರಿನವರು ತಮ್ಮ ಊರೆಂದು ತಿಳಿಯಬಾರದು! ಅದು ಈಗ ಆಕ್ಸ್‌ಫರ್ಡ್‌ಶೈರಿನ ಪೆಂಡನ್ ವಸ್ತುಸಂಗ್ರಹಾಲಯದಲ್ಲಿದೆ. ಅಲೆನ್ ಅವರದ್ದಕ್ಕೆ ಆ ಭಾಗ್ಯ ಸಿಗಲಿಲ್ಲ. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಎಲ್ಲವೂ ಸುಟ್ಟುಹೋಯಿತು. ಇಂದು ಉಳಿದಿರುವುದು ಫೋಟೋಗಳು ಮತ್ತು ಅಳಿದುಳಿದ ಒಂದಿಷ್ಟು ವಸ್ತುಗಳು ಮಾತ್ರ.

ನಮ್ಮ ದೇಶದಲ್ಲಿಯೂ ಪುಣೆಯಲ್ಲಿ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯ 1998ರಿಂದ ಇದೆ. ನಿಜವಾದ ಹಳೆಯ ಗಾಡಿಗಳನ್ನು ನೋಡಲು ನಮಗೆ ದೂರ ಹೋಗಬೇಕಾಗಿಲ್ಲ. 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ನಮ್ಮ ಜಿಲ್ಲೆಯ ಮಕ್ಕಳಿಗೆ ಒಂದು ಗಂಟೆಯ ದಾರಿ.

ತುಕ್ಕಿಗೂ ಒಂದು ಕಾರಣವಿದೆ

ವಿದ್ಯಾರ್ಥಿಗಳೇ, ಹತ್ತನೆಯ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠದಲ್ಲಿ ಮೂರು ಪ್ರನಾಳಗಳ ಪ್ರಯೋಗ ಓದಿದ್ದೀರಿ. ಒಂದರಲ್ಲಿ ನೀರು ಮತ್ತು ಗಾಳಿ ಎರಡೂ ಇವೆ. ಇನ್ನೊಂದರಲ್ಲಿ ಕುದಿಸಿದ ನೀರು, ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ತೇವವಿಲ್ಲದ ಗಾಳಿ ಮಾತ್ರ. ಮೊದಲನೆಯದರಲ್ಲಿರುವ ಮೊಳೆಗೆ ಮಾತ್ರ ತುಕ್ಕು ಹಿಡಿಯುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆಯುತ್ತೇವೆ, ಅಲ್ಲಿಗೆ ಮರೆಯುತ್ತೇವೆ. ಆದರೆ ಗೂಡ್ಸ್ ವ್ಯಾಗನ್ ಎಂಬುದು ಬಯಲಿನಲ್ಲಿ ನಿಲ್ಲಿಸಿದ ಅದೇ ಪ್ರಯೋಗ.

ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಬಣ್ಣದ ಕೆಳಗೆ ಹುಟ್ಟಿದ ತುಕ್ಕು ಬಣ್ಣವನ್ನು ಗುಳ್ಳೆಯಂತೆ ಮೇಲೆತ್ತುತ್ತದೆ. ಗುಳ್ಳೆ ಒಡೆದರೆ ನೀರು ಒಳಹೊಗುತ್ತದೆ, ತುಕ್ಕು ಪಕ್ಕಕ್ಕೆ ಹರಡುತ್ತದೆ. ಹಳೆಯ ತುಕ್ಕು ಗಾಢ ಕಂದು, ಹೊಸ ತುಕ್ಕು ಕಿತ್ತಳೆ. ಹೀಗಾಗಿ ಒಂದು ಕಲೆಯ ನಡುಭಾಗ ಕಪ್ಪುಗಂದಾಗಿದ್ದು ಅಂಚು ಕಿತ್ತಳೆಯಾಗಿರುವುದು ಸಾಮಾನ್ಯ. ಕೆಳಗೆ ಮಳೆನೀರು ಎಳೆದ ತೆಳುವಾದ ಗೆರೆ. ಈ ಮೂರನ್ನು ಗಮನಿಸಿದವನಿಗೆ ಬಣ್ಣ ಹಚ್ಚುವುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸ್ವಾರಸ್ಯ ಹೇಳುತ್ತೇನೆ. ವೆಲ್ಡಿಂಗ್ ಅಂಗಡಿಯಲ್ಲಿ ಕಿಟಕಿಯ ಗ್ರಿಲ್ ಮಾಡಿದ ಕೂಡಲೇ ರೆಡ್ ಆಕ್ಸೈಡ್ ಬಳಿಯುವುದನ್ನು ನೀವೆಲ್ಲ ನೋಡಿದ್ದೀರಿ. ಅದರ ಕೆಂಪು ಬರುವುದು ಕಬ್ಬಿಣದ ಆಕ್ಸೈಡಿನಿಂದ. ನಮ್ಮ ಗೂಡ್ಸ್ ವ್ಯಾಗನ್ನುಗಳ ಪರಿಚಿತ ಕೆಂಗಂದು ಬಣ್ಣವೂ ಅದೇ ಜಾತಿಯದು. ಚಿತ್ರಕಲೆಯ ಪೆಟ್ಟಿಗೆಯಲ್ಲಿರುವ ಬರ್ಂಟ್ ಸಿಯೆನಾ, ಬರ್ಂಟ್ ಅಂಬರ್ ಎಂಬ ಬಣ್ಣಗಳು ಮೂಲತಃ ಕಬ್ಬಿಣದ ಅಂಶವಿರುವ ಮಣ್ಣುಗಳು. ಅಂದರೆ ತುಕ್ಕನ್ನು ತಡೆಯುವ ಬಣ್ಣವೂ, ತುಕ್ಕನ್ನು ಬರೆಯುವ ಬಣ್ಣವೂ, ಮಂಡ್ಯದ ಕೆಮ್ಮಣ್ಣೂ ಒಂದೇ ಮನೆತನದ ನೆಂಟರು!

ವ್ಯಾಗನ್ ಓದುವ ಕ್ರಮ

ಕುಂಚ ಹಿಡಿಯುವ ಮೊದಲು ಕಣ್ಣು ಕೆಲಸ ಮಾಡಬೇಕು. ನೋಟ್‌ಪುಸ್ತಕ, ಪೆನ್ಸಿಲ್ ಹಿಡಿದು ಪ್ಲಾಟ್‌ಫಾರಂ ಮೇಲೆಯೇ ನಿಂತು ನೋಡಿ. ಹಳಿಗೆ ಇಳಿಯುವುದು ಪ್ರಾಣಕ್ಕೂ ಅಪಾಯ, 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಅಪರಾಧವೂ ಹೌದು. ಇದನ್ನು ಪೋಷಕರು ಮಕ್ಕಳಿಗೆ ಒತ್ತಿ ಹೇಳಬೇಕು.

ಮೊದಲು ವ್ಯಾಗನ್ನಿನ ಮೈಮೇಲಿರುವ 11 ಅಂಕಿಗಳ ಸಂಖ್ಯೆ ನೋಡಿ. ಮೊದಲೆರಡು ಅಂಕಿ ವ್ಯಾಗನ್ನಿನ ಬಗೆ, ಮುಂದಿನೆರಡು ಯಾವ ರೈಲ್ವೆಗೆ ಸೇರಿದ್ದು ಎಂಬುದು, ಐದು ಮತ್ತು ಆರನೆಯ ಅಂಕಿಗಳು ತಯಾರಾದ ವರ್ಷ. ಅಲ್ಲಿ 08 ಎಂದಿದ್ದರೆ ಅದು 2008ರ ವ್ಯಾಗನ್. ಆಮೇಲಿನ ನಾಲ್ಕು ಅದರ ಸ್ವಂತ ಸಂಖ್ಯೆ, ಕೊನೆಯದು ಸಂಖ್ಯೆಯನ್ನು ತಪ್ಪಿಲ್ಲದೆ ಬರೆದಿದೆಯೇ ಎಂದು ಪರೀಕ್ಷಿಸುವ ಅಂಕಿ. ಎಂದ ಮೇಲೆ ಮಾದರಿಯ ಮೇಲೆ ಸಂಖ್ಯೆ ಬರೆಯುವಾಗಲೇ ಅದರ ವಯಸ್ಸು ನಿರ್ಧಾರವಾಯಿತು. ಸಂಖ್ಯೆಯಲ್ಲಿ ಹೊಸದು, ಮೈಮೇಲೆ ಮೂವತ್ತು ವರ್ಷದ ತುಕ್ಕು ಎಂದರೆ ಒಪ್ಪುವುದಿಲ್ಲ. ವರ್ಕ್‌ಷಾಪಿನಲ್ಲಿ ದೊಡ್ಡ ರಿಪೇರಿ ಆದ ದಿನಾಂಕವನ್ನೂ ವ್ಯಾಗನ್ ಮೇಲೆ ಬರೆದಿರುತ್ತಾರೆ. ಮಾಸಿದ ಮೈ ಮೇಲೆ ಆ ಬರಹವಿರುವ ಚೌಕ ಮಾತ್ರ ಹೊಸ ಬಣ್ಣದಲ್ಲಿ ಎದ್ದು ಕಾಣುವುದುಂಟು. ಇಂಥ ಒಂದು ಸಣ್ಣ ಚೌಕ ಮಾದರಿಗೆ ಜೀವ ತುಂಬುತ್ತದೆ.

ಎರಡನೆಯದಾಗಿ, ಅದು ಏನು ಹೊತ್ತಿದೆ ಎಂದು ಕೇಳಿ. ಬಳ್ಳಾರಿ, ಹೊಸಪೇಟೆ ಕಡೆ ಅದಿರು ಹೊತ್ತ ವ್ಯಾಗನ್ನಿನ ಮೈಯೆಲ್ಲ ಕೆಂಪು ಪುಡಿ. ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊತ್ತದ್ದರ ಮೇಲಂಚು ಕಪ್ಪು. ವಾಡಿಯಿಂದ ಸಿಮೆಂಟ್ ತಂದ ಮುಚ್ಚಿದ ವ್ಯಾಗನ್ನಿನ ಬಾಗಿಲ ಸಂದಿಯಲ್ಲಿ ಬೂದುಬಿಳಿ. ರಸಗೊಬ್ಬರ ಹೊರುವ ವ್ಯಾಗನ್ನಿನ ತಳದ ತಗಡನ್ನು ಲವಣಗಳು ಬೇಗ ತಿನ್ನುತ್ತವೆ, ಆದ್ದರಿಂದ ಬಾಗಿಲ ಕೆಳಗೆ ತುಕ್ಕು ಹೆಚ್ಚು. ಮೇಲೆ ತೆರೆದ ವ್ಯಾಗನ್ನಿನ ಪಕ್ಕದ ತಗಡು ಹೊರಕ್ಕೆ ಉಬ್ಬಿರುತ್ತದೆ. ಒಳಗಿನ ಸರಕು ಒತ್ತಿದ್ದರಿಂದಲೂ, ಇಳಿಸುವ ಯಂತ್ರದ ಬಕೆಟ್ ಬಡಿದಿದ್ದರಿಂದಲೂ ಆದದ್ದು ಅದು.

ಮೂರನೆಯದಾಗಿ, ಕೆಳಗಿನಿಂದ ಮೇಲಕ್ಕೆ ನೋಡಿ. ಚಕ್ರ ಹಳಿಯನ್ನು ಮುಟ್ಟುವ ಭಾಗ ಬೆಳ್ಳಿಯಂತೆ ಹೊಳೆಯುತ್ತದೆ, ಚಕ್ರದ ಮುಖ ಕೊಳೆಯಾಗಿರುತ್ತದೆ. ಬ್ರೇಕ್ ಉಜ್ಜಿದ ಪುಡಿ ಮತ್ತು ಹಳಿಯ ಧೂಳು ಸೇರಿ ಕೆಳಭಾಗವೆಲ್ಲ ಒಂದೇ ಕಂದು. ಕೊಂಡಿಯ ಸುತ್ತ ಕಪ್ಪು ಜಿಡ್ಡು. ಬಾಗಿಲ ಚಿಲಕದಲ್ಲಿ ಕೈ ತಾಗಿ ತಾಗಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತದೆ. ಮೈಮೇಲೆ ಅಲ್ಲಲ್ಲಿ ಸಿಬ್ಬಂದಿ ಸೀಮೆಸುಣ್ಣದಲ್ಲಿ ಗೀಚಿದ ಗುರುತು. ಅಲ್ಲಿ ಒಬ್ಬ ಹಮಾಲಿಯ ಕೈಯಿದೆ, ಒಬ್ಬ ಪರೀಕ್ಷಕನ ಬರಹವಿದೆ. ಅವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಗುರುತು ಮಾತ್ರ ವ್ಯಾಗನ್ನಿನ ಮೇಲಿರುತ್ತದೆ.

ಮಳವಳ್ಳಿಯ ಮಕ್ಕಳು ‘ನಮ್ಮೂರಿಗೆ ರೈಲೇ ಇಲ್ಲವಲ್ಲ ಸರ್’ ಎನ್ನಬಹುದು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ತಾಲ್ಲೂಕಿಗೆ ಇನ್ನೂ ರೈಲು ಬಂದಿಲ್ಲ ಎಂಬುದು ನಿಜ. ಆದರೆ ತುಕ್ಕಿಗೆ ಹಳಿ ಬೇಕಿಲ್ಲ. ಕಬ್ಬು ಹೊತ್ತ ಟ್ರ್ಯಾಕ್ಟರಿನ ಟ್ರೇಲರ್, ಆಲೆಮನೆಯ ಕೊಪ್ಪರಿಗೆಯ ಹೊರಮೈ, ಬೋರ್‌ವೆಲ್ಲಿನ ಹಳೆಯ ಪೈಪು, ಅಂಗಡಿಯ ರೋಲಿಂಗ್ ಷಟರ್, ಇವೆಲ್ಲವೂ ಅದೇ ಪಾಠ ಹೇಳುತ್ತವೆ.

ಕೈಗೆ ಸಿಗುವ ಸಾಮಾನು, ಮಾಡುವ ವಿಧಾನ

ಹೊರದೇಶದ ಮಾದರಿಗಳು ಮತ್ತು ಬಣ್ಣಗಳು ದುಬಾರಿ. ಅವುಗಳಿಗಾಗಿ ಕಾಯಬೇಡಿ. ಗಟ್ಟಿ ಐವರಿ ಕಾರ್ಡ್ ಅಥವಾ ತೆಳು ಪ್ಲಾಸ್ಟಿಕ್ ಹಾಳೆಯಿಂದ ನೀವೇ ವ್ಯಾಗನ್ ಮಾಡಬಹುದು. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:87ರ ಪ್ರಮಾಣ. ಶಾಲೆಗೆ 1:50 ಅನುಕೂಲ, ಏಕೆಂದರೆ ಒಂದು ಮೀಟರಿಗೆ ಎರಡು ಸೆಂಟಿಮೀಟರ್, ಲೆಕ್ಕ ಸುಲಭ. ಕಲ್ಲಿದ್ದಲು ಹೊರುವ ಬಾಕ್ಸ್‌ಎನ್ ವ್ಯಾಗನ್ ಕೊಂಡಿಯಿಂದ ಕೊಂಡಿಗೆ ಸುಮಾರು 10.7 ಮೀಟರ್, ಅಗಲ ಸುಮಾರು 3.2 ಮೀಟರ್. ನಿಮ್ಮ ಮಾದರಿ ಸುಮಾರು 21.4 ಸೆಂಟಿಮೀಟರ್ ಉದ್ದ, 6.4 ಸೆಂಟಿಮೀಟರ್ ಅಗಲ ಆಗುತ್ತದೆ. ಇದೇ ಲೆಕ್ಕವನ್ನು ಕಲೆಗೂ ಹಾಕಿ. ಮಾದರಿಯ ಮೇಲೆ ಒಂದು ಸೆಂಟಿಮೀಟರ್ ತುಕ್ಕು ಎಂದರೆ ನಿಜದಲ್ಲಿ ಅರ್ಧ ಮೀಟರ್! ಕುಂಚದ ಒಂದು ಮಿಲಿಮೀಟರ್ ಗೆರೆ ಐದು ಸೆಂಟಿಮೀಟರ್ ಪಟ್ಟಿಯಾಗುತ್ತದೆ. ಆದ್ದರಿಂದ ಸಣ್ಣ ಕುಂಚ, ಹಗುರ ಕೈ.

ಮೊದಲ ಹಂತ, ತಳದ ಬಣ್ಣ. ಕಾರ್ಡಿನ ಮಾದರಿಗೆ ಮೊದಲು ನೀರು ಬೆರೆಸಿದ ಫೆವಿಕಾಲ್ ಒಂದು ಕೈ ಬಳಿದು ಒಣಗಿಸಿ. ಆಮೇಲೆ ಅಕ್ರಿಲಿಕ್ ಬಣ್ಣದ ಕೆಂಗಂದು ಹಚ್ಚಿ. ಪೋಸ್ಟರ್ ಬಣ್ಣ ತಳಕ್ಕೆ ಬೇಡ, ಮೇಲೆ ನೀರು ತಾಗಿದರೆ ಅದು ಕರಗಿ ಏಳುತ್ತದೆ. ಒಣಗಿದ ಮೇಲೆ ಅದೇ ಬಣ್ಣಕ್ಕೆ ಸ್ವಲ್ಪ ಬಿಳಿ ಮತ್ತು ಹಳದಿ ಬೆರೆಸಿ, ಬಿಸಿಲು ಬೀಳುವ ಮೇಲ್ಭಾಗಕ್ಕೆ ತೆಳ್ಳಗೆ ಹಚ್ಚಿದರೆ ಬಣ್ಣ ಮಾಸಿದಂತೆ ಕಾಣುತ್ತದೆ. ಅಚ್ಚಗಪ್ಪು ಎಲ್ಲಿಯೂ ಬೇಡ. ಚಿಕ್ಕ ವಸ್ತುವಿನ ಮೇಲೆ ಅದು ಮಸಿಯ ಚುಕ್ಕೆಯಂತೆ ಕಾಣುತ್ತದೆ. ಗಾಢ ಬೂದು ಸಾಕು.

ಎರಡನೆಯ ಹಂತ, ತೊಳೆಬಣ್ಣ. ಒಂದು ಹನಿ ಗಾಢ ಕಂದಿಗೆ ಹತ್ತು ಹನಿಯಷ್ಟು ನೀರು ಸೇರಿಸಿ, ತಗಡುಗಳ ಸಂದಿಗೆ, ರಿವೆಟ್ಟಿನ ಬುಡಕ್ಕೆ ಬಿಡಿ. ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಒರಸಿ. ಮಳೆನೀರು ಎಂದೂ ಅಡ್ಡಡ್ಡ ಹರಿಯುವುದಿಲ್ಲ ಎಂಬುದು ನೆನಪಿರಲಿ.

ಮೂರನೆಯ ಹಂತ, ತುಕ್ಕು. ಪಾತ್ರೆ ತೊಳೆಯುವ ಸ್ಪಂಜಿನ ಚೂರೊಂದನ್ನು ಬರ್ಂಟ್ ಅಂಬರ್‌ನಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಬಣ್ಣ ಕಡಿಮೆ ಮಾಡಿ, ಅಂಚುಗಳಲ್ಲಿ ಮೆಲ್ಲಗೆ ತಟ್ಟಿ. ಅದರ ಸುತ್ತ ಕೂದಲೆಳೆಯ ಕುಂಚದಿಂದ ಸಿಯೆನಾ ಮತ್ತು ತುಸು ಕಿತ್ತಳೆ. ಅಲ್ಲಿಂದ ಕೆಳಕ್ಕೆ ಒಂದು ತೆಳು ಗೆರೆ. ಈ ಕೆಲಸಕ್ಕೆ ಮೆಹೆಂದಿ ಬಿಡಿಸುವ ನಮ್ಮ ಹೆಣ್ಣುಮಕ್ಕಳ ಕೈಗಿಂತ ಸ್ಥಿರವಾದ ಕೈ ಬೇರೆ ಇಲ್ಲ.

ನಾಲ್ಕನೆಯ ಹಂತ, ಧೂಳು. ಒಣ ಪೇಸ್ಟಲ್ ಕಡ್ಡಿಯನ್ನು ಮರಳುಕಾಗದದ ಮೇಲೆ ಉಜ್ಜಿದರೆ ಪುಡಿ ಸಿಗುತ್ತದೆ. ನುಣ್ಣಗೆ ಜರಡಿ ಹಿಡಿದ ಇಟ್ಟಿಗೆ ಪುಡಿ, ಇದ್ದಿಲು, ಸೌದೆಯ ಬೂದಿಯೂ ಆಗುತ್ತದೆ. ಮೃದುವಾದ ಕುಂಚದಲ್ಲಿ ಕೆಳಭಾಗಕ್ಕೂ ಅಂಚುಗಳಿಗೂ ಹಚ್ಚಿ. ಹಳೆಯ ಮೊಳೆಗಳನ್ನು ನೀರಿನಲ್ಲಿ ನೆನೆಸಿಟ್ಟು ನಿಜವಾದ ತುಕ್ಕನ್ನೇ ಕೆರೆದು ಬಳಸುವವರೂ ಇದ್ದಾರೆ. ಮೋಟಾರು ಇರುವ ಮಾದರಿಯ ಹತ್ತಿರ ಮಾತ್ರ ಅದು ಬೇಡ. ಅದರೊಂದಿಗೆ ಬಂದ ಕಬ್ಬಿಣದ ಕಣ ಮೋಟಾರಿನ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಕೊನೆಗೆ ಹೊಳಪಿಲ್ಲದ ವಾರ್ನಿಷ್ ಒಂದು ತೆಳು ಪದರ. ಅದು ಬಿದ್ದಾಗ ಪುಡಿಯ ಬಣ್ಣ ಬದಲಾಗುತ್ತದೆ, ಆದ್ದರಿಂದ ಮೊದಲು ರದ್ದಿ ಕಾರ್ಡಿನ ಮೇಲೆ ಪರೀಕ್ಷಿಸಿ. ಪುಡಿ, ಸ್ಪ್ರೇ ಬಳಸುವಾಗ ಬಾಯಿ ಮೂಗಿಗೆ ಮಾಸ್ಕ್ ಇರಲಿ, ಕಿಟಕಿ ತೆರೆದಿರಲಿ.

ಇಷ್ಟಾದ ಮೇಲೆ ಬಹಳ ಮುಖ್ಯವಾದ ಹಂತವೊಂದಿದೆ: ನಿಲ್ಲಿಸುವುದು. ಕೈಗೆ ರುಚಿ ಹತ್ತಿದ ಮೇಲೆ ಎಲ್ಲ ವ್ಯಾಗನ್ನನ್ನೂ ಒಂದೇ ಕೆಸರಿನಲ್ಲಿ ಅದ್ದಿದಂತೆ ಮಾಡಿಬಿಡುವುದುಂಟು. ನಿಜವಾದ ರೈಲಿನಲ್ಲಿ ಹೊಸದು, ನಡುವಯಸ್ಸಿನದು, ಮುದಿಯಾದದ್ದು ಅಕ್ಕಪಕ್ಕ ಇರುತ್ತವೆ. ನಾಲ್ಕು ವ್ಯಾಗನ್ ಮಾಡಿದರೆ ನಾಲ್ಕಕ್ಕೂ ಬೇರೆ ಬೇರೆ ಚರಿತ್ರೆ ಇರಲಿ. ಪ್ರತಿ ಕಲೆಗೂ ‘ಇದು ಇಲ್ಲಿ ಏಕೆ?’ ಎಂಬ ಪ್ರಶ್ನೆ ಹಾಕಿ. ಉತ್ತರ ಇಲ್ಲದ ಕಲೆಯನ್ನು ಒರಸಿಬಿಡಿ.

ಈ ಕೆಲಸದಿಂದ ಏನು ಲಾಭ?

ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಗ್ಯಾರೇಜ್, ವೆಲ್ಡಿಂಗ್ ಅಂಗಡಿ, ಟಿಂಕರಿಂಗ್, ಪೇಂಟಿಂಗ್ ಕೆಲಸದ ಮನೆಗಳಿಂದ ಬಂದವರು. ಲಾರಿಯ ಯಾವ ಮೂಲೆಗೆ ಮೊದಲು ತುಕ್ಕು ಹಿಡಿಯುತ್ತದೆ, ತಗಡು ತಟ್ಟಿದರೆ ಒಳಗೆ ಟೊಳ್ಳಾಗಿದೆಯೇ ಎಂದು ಹೇಗೆ ತಿಳಿಯುತ್ತದೆ ಎಂಬುದು ಆ ಹುಡುಗನಿಗೆ ಹತ್ತನೆಯ ವಯಸ್ಸಿಗೇ ಗೊತ್ತು. ಆದರೆ ತರಗತಿಯಲ್ಲಿ ಕುಳಿತಾಗ ಅದು ‘ವಿದ್ಯೆ’ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಸೂತ್ರ ಬರೆಯಬಲ್ಲ ಹುಡುಗನಿಗೆ ತುಕ್ಕು ಕಣ್ಣಿಗೆ ಬೀಳುವುದಿಲ್ಲ, ತುಕ್ಕು ಬಲ್ಲ ಹುಡುಗನಿಗೆ ಸೂತ್ರ ತನ್ನದಲ್ಲ ಎನಿಸುತ್ತದೆ. ಈ ಪುಟ್ಟ ವ್ಯಾಗನ್ನಿನ ಮುಂದೆ ಇಬ್ಬರೂ ಒಟ್ಟಿಗೆ ಕೂರಬೇಕಾಗುತ್ತದೆ. ಒಬ್ಬ ‘ಎಲ್ಲಿ’ ಎಂದು ತೋರಿಸುತ್ತಾನೆ, ಇನ್ನೊಬ್ಬ ‘ಏಕೆ’ ಎಂದು ಹೇಳುತ್ತಾನೆ. ನನ್ನ ಮಟ್ಟಿಗೆ ಈ ಹವ್ಯಾಸದ ದೊಡ್ಡ ಲಾಭ ಇದೇ.

ಇನ್ನೊಂದು ವಿಷಯ ಹಿರಿಯರಿಗೆ ಸೇರಿದ್ದು. ಬೆಂಗಳೂರು–ಮೈಸೂರು ಮಾರ್ಗ 1881–82ರಲ್ಲಿ ಮೀಟರ್‌ಗೇಜಾಗಿ ಮಂಡ್ಯ, ಮದ್ದೂರುಗಳ ಮೂಲಕ ಹಾದುಹೋಯಿತು. ಮೈಸೂರು ಸಂಸ್ಥಾನದ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿತು. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಂಪೆನಿ ಬೆಳೆದದ್ದು, ಮದ್ದೂರಿನ ವಡೆ ನಾಡಿಗೆಲ್ಲ ಪರಿಚಯವಾದದ್ದು ಈ ಮೀಟರ್‌ಗೇಜ್ ಕಾಲದಲ್ಲೇ. 1990ರ ದಶಕದಲ್ಲಿ ಹಳಿ ಬ್ರಾಡ್‌ಗೇಜ್ ಆಯಿತು. ಆ ಪುಟ್ಟ ವ್ಯಾಗನ್ನುಗಳು ನಮ್ಮ ನಿಲ್ದಾಣಗಳಿಂದ ಮರೆಯಾದವು. ಇಲ್ಲಿ ಕುಳಿತಿರುವ ಮಕ್ಕಳು ಯಾರೂ ಅವನ್ನು ಓಡುವಾಗ ನೋಡಿಲ್ಲ.

ಆ ಕಾಲದ ಫೋಟೋಗಳು ಬಹುಪಾಲು ಕಪ್ಪು–ಬಿಳುಪು. ಕಲೆ ಎಲ್ಲಿತ್ತು ಎಂದು ಅವು ಹೇಳುತ್ತವೆ, ಯಾವ ಬಣ್ಣದ್ದು ಎಂದು ಹೇಳಲಾರವು. ಉಗಿ ಇಂಜಿನ್ನಿನ ಮಸಿ ವ್ಯಾಗನ್ನಿನ ಮೇಲೆ ಎಷ್ಟು ಕೂರುತ್ತಿತ್ತು, ಮಳೆಗಾಲದಲ್ಲಿ ಬಾಗಿಲು ಹೇಗೆ ಕಾಣುತ್ತಿತ್ತು, ಮೂಟೆ ಇಳಿಸಿದ ಮೇಲೆ ನೆಲದ ಹಲಗೆಯ ಬಣ್ಣ ಏನು ಎಂಬುದು ಆ ಕಾಲದ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಹಮಾಲಿಗಳ ನೆನಪಿನಲ್ಲಿ ಮಾತ್ರ ಇದೆ. ಅಂಥ ಅಜ್ಜಂದಿರು ಮಂಡ್ಯ, ಮದ್ದೂರಿನ ಬೀದಿಗಳಲ್ಲಿ ಇನ್ನೂ ಇದ್ದಾರೆ, ಬಹಳ ಕಾಲ ಇರುವುದಿಲ್ಲ. ಅಲೆನ್ ಅವರ ರೈಲ್ವೆ ಬೆಂಕಿಗೆ ಸಿಕ್ಕಿತು, ಆದರೂ ಫೋಟೋ ಉಳಿಯಿತು. ನಮ್ಮ ಹಿರಿಯರ ನೆನಪಿಗೆ ಫೋಟೋ ಕೂಡ ಇಲ್ಲ.

ಆದ್ದರಿಂದ ಸಂಸ್ಥೆಯ ಮುಂದೆ ಎರಡು ಸಣ್ಣ ಸಲಹೆಗಳನ್ನು ಇಡುತ್ತೇನೆ. ಮುಂದಿನ ವಸ್ತುಪ್ರದರ್ಶನದಲ್ಲಿ ಮಾದರಿಯ ಜೊತೆಗೆ ಒಂದು ಹಾಳೆಯನ್ನೂ ಕೇಳಿ. ವಿದ್ಯಾರ್ಥಿ ಕಣ್ಣಾರೆ ಕಂಡ ಹತ್ತು ಗುರುತುಗಳು ಮತ್ತು ಅವುಗಳ ಕಾರಣ ಅದರಲ್ಲಿರಲಿ. ಅಂಕ ಹೊಳಪಿಗೆ ಬೇಡ, ಈ ಹಾಳೆಗೆ ಇರಲಿ. ಇನ್ನು ಮೂರೂ ತಾಲ್ಲೂಕುಗಳ ಮಕ್ಕಳು ಸೇರಿ ಮೀಟರ್‌ಗೇಜ್ ಕಾಲದ ಒಂದೇ ಒಂದು ವ್ಯಾಗನ್ ಮಾಡಲಿ. ಅದರ ಬಣ್ಣವನ್ನು ಪುಸ್ತಕದಿಂದ ತೆಗೆದುಕೊಳ್ಳದೆ, ನಿವೃತ್ತ ರೈಲ್ವೆ ನೌಕರರ ಮುಂದೆ ಇಟ್ಟು, ‘ಅಜ್ಜಾ, ತುಕ್ಕು ಇಷ್ಟೇ ಇತ್ತೇ, ಇನ್ನೂ ಇತ್ತೇ?’ ಎಂದು ಕೇಳಿ ಹಚ್ಚಲಿ. ಅವರು ‘ಇಷ್ಟೇ ಇತ್ತು ಮಗಾ, ಸಾಕು’ ಎಂದಾಗ ಕುಂಚ ಕೆಳಗಿಡಲಿ. ಅವರು ಹೇಳಿದ್ದನ್ನು ಬರೆದಿಟ್ಟು ಈ ವಾರ್ಷಿಕ ಸಂಚಿಕೆಯಲ್ಲಿಯೇ ಪ್ರಕಟಿಸಬಹುದು.